ಕಂಪ್ಯೂಟರ್ ಗೊರಕೆ ಹೊಡೆಯುತ್ತಿದೆಯಾ? ಹೊಸ ಫ್ಯಾನ್ ತರುವ ಮೊದಲು ಇಷ್ಟು ಮಾಡಿ

ನಮ್ಮ ಮನೆ ಬದಿಯಡ್ಕದ ಹತ್ತಿರ. ರಸ್ತೆಯಾಚೆ ಕೆಂಪುಕಲ್ಲಿನ ಕೋರೆ. ಬೇಸಿಗೆಯಲ್ಲಿ ಲಾರಿ ಹೋದಾಗಲೆಲ್ಲ ಏಳುವ ಧೂಳು ಕಿಟಕಿ ದಾಟಿ ಬಂದು ಕೂರುತ್ತದೆ, ಮಳೆ ಶುರುವಾದರೆ ಅದೇ ಧೂಳು ತೇವ ಹೀರಿ ಕೆಸರಿನ ಪದರ ಆಗುತ್ತದೆ. ಹೋದ ವರ್ಷ ನನ್ನ ಡೆಸ್ಕ್‌ಟಾಪ್ ಎಷ್ಟು ಸದ್ದು ಮಾಡುತ್ತಿತ್ತೆಂದರೆ, ಜಗಲಿಯಲ್ಲಿದ್ದ ಅಮ್ಮ "ಆ ಮಿಕ್ಸಿ ಆಫ್ ಮಾಡು ಮಾರಾಯ" ಅಂದಿದ್ದರು. ಹಿಂಬದಿಗೆ ಹೊಸ ಫ್ಯಾನ್ ತಂದು ಹಾಕಿದೆ. ಸದ್ದು ಹಾಗೇ ಇತ್ತು. ಯಾಕೆಂದರೆ ಗಲಾಟೆ ಮಾಡುತ್ತಿದ್ದದ್ದು ಪ್ರೊಸೆಸರ್ ಮೇಲಿನ ಫ್ಯಾನ್!

ಹಾಗಾಗಿ ಮೊದಲ ಕೆಲಸ ಕಳ್ಳನನ್ನು ಹಿಡಿಯುವುದು. ನಾವೆಲ್ಲ ಸಿಪಿಯು ಅಂತ ಕರೆಯುವ ಆ ಡಬ್ಬಿಯ ಪಕ್ಕದ ಬಾಗಿಲು ತೆಗೆದು, ಕಂಪ್ಯೂಟರ್ ಆನ್ ಮಾಡಿ. ಈ ಪುಟವನ್ನೇ ಕೊಳವೆ ಹಾಗೆ ಸುತ್ತಿ ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಒಂದೊಂದೇ ಫ್ಯಾನಿನ ಹತ್ತಿರ ಹಿಡಿಯಿರಿ, ರೆಕ್ಕೆಗೆ ತಾಗಬಾರದು ಅಷ್ಟೇ. ಟಕಟಕ ಅಂದರೆ ಯಾವುದೋ ವೈರ್ ರೆಕ್ಕೆಗೆ ತಾಗುತ್ತಿದೆ. ಗೊರ್ ಅಂದರೆ, ಅದರಲ್ಲೂ ಬೆಳಿಗ್ಗೆ ಜೋರಾಗಿದ್ದು ಹತ್ತು ನಿಮಿಷದಲ್ಲಿ ಇಳಿದರೆ, ಬೇರಿಂಗ್ ಒಣಗಿದೆ. ಡಬ್ಬಿಯ ಮೇಲೆ ಅಂಗೈ ಒತ್ತಿದಾಗ ಸದ್ದು ತಗ್ಗಿದರೆ ಅದು ತಗಡಿನ ನಡುಕ. ಎರಡು ಫ್ಯಾನ್ ಹೆಚ್ಚುಕಮ್ಮಿ ಒಂದೇ ವೇಗದಲ್ಲಿದ್ದರೆ ಅಲೆ ಅಲೆಯಾಗಿ ಉಂಮ್... ಉಂಮ್... ಅಂತ ಕೇಳಿಸುವುದೂ ಉಂಟು. ಒಂದರ ವೇಗ ಸ್ವಲ್ಪ ಬದಲಿಸಿದರೆ ಅದು ಹೋಗುತ್ತದೆ.

ಈಗ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಡಬ್ಬಿಯನ್ನು ಅಂಗಳಕ್ಕೆ ಒಯ್ದು, ಮೂಗಿಗೆ ಬೈರಾಸು ಕಟ್ಟಿಕೊಳ್ಳಿ. ಒಂದಿಂಚಿನ ಪೇಂಟ್ ಬ್ರಷ್ ಸಾಕು. ರೆಕ್ಕೆಗಳನ್ನು ಎರಡೂ ಬದಿ ಒರೆಸಬೇಕು, ಒಂದೇ ರೆಕ್ಕೆಯ ಮೇಲೆ ಧೂಳು ಜಾಸ್ತಿ ಉಳಿದರೂ ತೂಕ ವಾಲಿ ಫ್ಯಾನ್ ನಡುಗುತ್ತದೆ. ಬ್ಲೋಯರ್ ಹಿಡಿಯುವವರು ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಿರಿ, ಗಾಳಿಗೆ ಬುಗುರಿಯಂತೆ ತಿರುಗಿದರೆ ಬೇರಿಂಗ್ ಹಾಳು. ನನ್ನ ಪ್ರೊಸೆಸರ್ ಫ್ಯಾನ್ ಬಿಚ್ಚಿದಾಗ ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳ ಮೇಲೆ ಕಂಬಳಿ ತುಂಡಿನ ಹಾಗೆ ಕೆಂಪು ಧೂಳು ಕೂತಿತ್ತು, ಉಗುರಿನಲ್ಲಿ ಎತ್ತಿದರೆ ಇಡಿಯಾಗಿ ಬಂತು. ಗಾಳಿ ಹೋಗಲು ದಾರಿ ಇಲ್ಲದೆ ಪ್ರೊಸೆಸರ್ ಬಿಸಿಯಾಗಿ, ಫ್ಯಾನ್ ಯಾವಾಗಲೂ ಪೂರ್ತಿ ವೇಗದಲ್ಲೇ ಓಡುತ್ತಿತ್ತು ಪಾಪ. ನನಗೆ ಅರ್ಧ ಸದ್ದು ಇಲ್ಲೇ ಹೋಯಿತು.

ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. 230 ವೋಲ್ಟ್ ಕರೆಂಟು ಒಳಗೆ ಹೋಗಿ ಕೆಪಾಸಿಟರಿನಲ್ಲಿ 300ಕ್ಕೂ ಹೆಚ್ಚು ವೋಲ್ಟ್ ಆಗಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಹೊರಗಿನಿಂದ ಬ್ರಷ್ ಆಡಿಸಿದರೆ ಸಾಕು.

ಇನ್ನು ನಡುಕ. ಹಳೆ ಸೈಕಲ್ ಟ್ಯೂಬ್ ಇದ್ದರೆ ನಾಲ್ಕು ಚಿಕ್ಕ ಚೌಕ ಕತ್ತರಿಸಿ, ನಡುವೆ ತೂತು ಮಾಡಿ, ಫ್ಯಾನ್ ಮತ್ತು ತಗಡಿನ ನಡುವೆ ವಾಷರ್ ಹಾಗೆ ಇಡಿ. ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ರಟ್ಟೆ ಬಲವೆಲ್ಲ ತೋರಿಸಿದರೆ ರಬ್ಬರ್ ಚಪ್ಪಟೆಯಾಗಿ ನಡುಕ ಮತ್ತೆ ತಗಡಿಗೇ ಹೋಗುತ್ತದೆ. ಡಬ್ಬಿಯ ಕಾಲಿನಡಿಗೂ ಟ್ಯೂಬ್ ತುಂಡು ಇಡಬಹುದು. ಟೊಳ್ಳು ಪ್ಲೈವುಡ್ ಮೇಜಿನ ಮೇಲೆ ಇಟ್ಟಿದ್ದರೆ ಅದು ಚೆಂಡೆಯ ಕೆಲಸ ಮಾಡುತ್ತದೆ, ಇಳಿಸಿಬಿಡಿ.

ಬೇರಿಂಗ್ ಒಣಗಿದ್ದರೆ ಫ್ಯಾನ್ ಬಿಚ್ಚಿ, ಹಿಂದಿನ ಸ್ಟಿಕರನ್ನು ಅರ್ಧ ಎಬ್ಬಿಸಿ, ಕೆಳಗೆ ರಬ್ಬರ್ ಮುಚ್ಚಳ ಇದ್ದರೆ ತೆಗೆದು, ಹೊಲಿಗೆ ಮೆಷಿನ್ ಎಣ್ಣೆ ಒಂದೇ ಹನಿ ಬಿಡಿ. ಮನೆ ತುಂಬ ತೆಂಗಿನೆಣ್ಣೆ ಇದೆಯಲ್ಲ ಅಂತ ಅದನ್ನು ಹಾಕಬೇಡಿ. ಚಳಿಗೆ ಗಟ್ಟಿಯಾಗುತ್ತದೆ, ಆಮೇಲೆ ಜಿಗುಟಾಗುತ್ತದೆ, ನಾನು ಹಾಕಿ ನೋಡಿಯೇ ಹೇಳುತ್ತಿದ್ದೇನೆ. ಬಾಲ್ ಬೇರಿಂಗ್, ಅಂದರೆ ಒಳಗೆ ಚಿಕ್ಕ ಗುಂಡುಗಳಿರುವ ಫ್ಯಾನಿಗೆ ಈ ಉಪಾಯ ನಡೆಯುವುದಿಲ್ಲ.

ಕೊನೆಗೆ ವೇಗ. ಆನ್ ಮಾಡುವಾಗ ಡಿಲೀಟ್ ಅಥವಾ ಎಫ್2 ಒತ್ತಿದರೆ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಬಯೋಸ್, ಅಂದರೆ ವಿಂಡೋಸ್‌ಗೂ ಮೊದಲಿನ ಸೆಟ್ಟಿಂಗ್ ಪುಟ, ತೆರೆಯುತ್ತದೆ, ಅಲ್ಲಿ ಫ್ಯಾನ್ ಕಂಟ್ರೋಲ್ ಹುಡುಕಿ. ವೇಗ ಹತೋಟಿಗೆ ಅಲ್ಲಿ ಎರಡು ವಿಧಾನ, ನಾಲ್ಕು ವೈರಿನ ಫ್ಯಾನ್ ಆದರೆ ಪಿಡಬ್ಲ್ಯೂಎಂ (PWM), ಮೂರು ವೈರಿನದಾದರೆ ಡಿಸಿ (DC) ಅಂತ ಆರಿಸಿ. ಮೂರು ವೈರಿನದಕ್ಕೆ ಪಿಡಬ್ಲ್ಯೂಎಂ ಕೊಟ್ಟರೆ ಅದು ವೇಗ ಇಳಿಸುವುದೇ ಇಲ್ಲ. ವೇಗ ಅರ್ಧಕ್ಕೆ ಇಳಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಸುಮ್ನೆ ಇಳಿಸುತ್ತಾ ಹೋಗಬೇಡಿ ಮತ್ತೆ, ಕೆಲಸ ಜೋರಾಗಿದ್ದಾಗ ಪ್ರೊಸೆಸರ್ ಬಿಸಿ 80 ಡಿಗ್ರಿ ದಾಟುತ್ತಿದ್ದರೆ ಸ್ವಲ್ಪ ಏರಿಸಿ.

ಇಷ್ಟಾದರೂ ಗೊರಗುಟ್ಟಿದರೆ ಹೊಸದೇ ಬೇಕು. 120 ಮಿಲಿಮೀಟರ್ ಫ್ಯಾನಿನ ಸ್ಕ್ರೂ ತೂತುಗಳ ನಡುವಿನ ಅಂತರ 105, 80ರದ್ದಕ್ಕೆ 71.5. ಅಳತೆಯ ಗೋಜು ಬೇಡ ಅಂದರೆ ಹಳೇ ಫ್ಯಾನನ್ನೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಕಾಸರಗೋಡಿನ ಬಸ್ಸು ಹತ್ತಿ.