ಯುಎಸ್‌ಎಲ್ ಚಾಂಪಿಯನ್‌ಷಿಪ್‌ನ ಪೂರ್ವ ಕಾನ್ಫರೆನ್ಸ್ ಅಂಕಪಟ್ಟಿಯನ್ನು ಓದುವ ಬಗೆ

ಅಮೆರಿಕದ ವೃತ್ತಿಪರ ಫುಟ್‌ಬಾಲ್‌ನಲ್ಲಿ ಮೇಜರ್ ಲೀಗ್ ಸಾಕರ್‌ನ ನಂತರದ ದರ್ಜೆಯಲ್ಲಿರುವುದು ಯುಎಸ್‌ಎಲ್ (ಯುನೈಟೆಡ್ ಸಾಕರ್ ಲೀಗ್) ಚಾಂಪಿಯನ್‌ಷಿಪ್. ಯುರೋಪಿನ ಲೀಗುಗಳನ್ನು ನೋಡಿ ರೂಢಿಯಾದವರು ಇದರ ಅಂಕಪಟ್ಟಿಯನ್ನು ಹುಡುಕಿದಾಗ ಒಂದರ ಬದಲು ಪೂರ್ವ, ಪಶ್ಚಿಮ ಎಂಬ ಎರಡು ಪಟ್ಟಿಗಳನ್ನು ಕಂಡು ಗೊಂದಲಕ್ಕೊಳಗಾಗುತ್ತಾರೆ. ಇಲ್ಲಿ ಕಾನ್ಫರೆನ್ಸ್ ಎಂದರೆ ಸಮ್ಮೇಳನವಲ್ಲ. ಒಂದೇ ಲೀಗಿನ ತಂಡಗಳನ್ನು ಪ್ರದೇಶವಾರು ವಿಂಗಡಿಸಿದ ಬಣ. ಆ ಬಣದ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ತಂಡವೇ ಚಾಂಪಿಯನ್ ಎಂದುಕೊಂಡು ಓದಲು ಹೊರಟರೆ ಲೆಕ್ಕ ಮೊದಲಿಗೇ ತಪ್ಪುತ್ತದೆ. ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್‌ಗೆ ಯಾರು ಹೋಗುತ್ತಾರೆ, ಅಲ್ಲಿ ಯಾರು ಯಾರ ಅಂಗಳದಲ್ಲಿ ಆಡುತ್ತಾರೆ ಎಂಬುದನ್ನು ನಿರ್ಧರಿಸುವುದಷ್ಟೇ ಆ ಪಟ್ಟಿಯ ಕೆಲಸ. ಹೀಗಾಗಿ ಅದನ್ನು ಓದುವ ಕ್ರಮವೂ ಬೇರೆ. ಪೂರ್ವ ಕಾನ್ಫರೆನ್ಸನ್ನೇ ಮುಂದಿಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಆ ವರ್ಷದ ತಂಡಗಳ ಪಟ್ಟಿಯನ್ನೂ ಪಂದ್ಯಗಳ ಸಂಖ್ಯೆಯನ್ನೂ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಈ ಲೀಗಿನಲ್ಲಿ ಇವೆರಡೂ ಬದಲಾಗುತ್ತಲೇ ಇರುತ್ತವೆ. 2011ರಲ್ಲಿ ಮೂರನೆಯ ದರ್ಜೆಯ ಲೀಗಾಗಿ ಆರಂಭವಾದ ಇದು 2015ರಲ್ಲಿ ಎರಡು ಕಾನ್ಫರೆನ್ಸ್‌ಗಳಾಗಿ ವಿಂಗಡಣೆಯಾಯಿತು. 2017ರಲ್ಲಿ ತಾತ್ಕಾಲಿಕವಾಗಿ ಎರಡನೆಯ ದರ್ಜೆಯ ಮಾನ್ಯತೆ ದೊರೆಯಿತು, 2019ರಲ್ಲಿ ಈಗಿನ ಹೆಸರು ಬಂದಿತು. ಆ 2019ರಲ್ಲಿ ತಂಡಗಳ ಸಂಖ್ಯೆ 36ಕ್ಕೆ ಏರಿದ್ದರಿಂದ ಒಂದೊಂದು ಕಾನ್ಫರೆನ್ಸ್‌ನಲ್ಲಿ 18 ತಂಡಗಳಿದ್ದವು. 2025ರ ಹೊತ್ತಿಗೆ ಒಟ್ಟು 24 ತಂಡಗಳು, ಕಾನ್ಫರೆನ್ಸ್‌ಗೆ 12. ಆದ್ದರಿಂದ ಹಳೆಯ ಪಟ್ಟಿಯೊಂದರಲ್ಲಿ ‘ಹತ್ತನೆಯ ಸ್ಥಾನ’ ಎಂದು ಕಂಡರೆ, ಅದು ಹದಿನೆಂಟರಲ್ಲಿ ಹತ್ತನೆಯದೋ ಹನ್ನೆರಡರಲ್ಲಿ ಹತ್ತನೆಯದೋ ಎಂಬುದನ್ನು ನೋಡದೆ ತೀರ್ಪು ಕೊಡಬಾರದು.

ಭೂಪಟವನ್ನು ನೋಡಿ ತಂಡದ ಕಾನ್ಫರೆನ್ಸನ್ನು ಊಹಿಸುವುದೂ ಸರಿಯಲ್ಲ. ಕೆಂಟಕಿ ರಾಜ್ಯದ ಲೂಯಿವಿಲ್ ಮತ್ತು ಲೆಕ್ಸಿಂಗ್ಟನ್ ನಗರಗಳ ನಡುವಿನ ದೂರ ಸುಮಾರು 125 ಕಿಲೋಮೀಟರ್. ಆದರೂ 2025ರಲ್ಲಿ ಲೂಯಿವಿಲ್ ಸಿಟಿ ಪೂರ್ವದಲ್ಲಿತ್ತು, ಲೆಕ್ಸಿಂಗ್ಟನ್ ತಂಡ ಕ್ಯಾಲಿಫೋರ್ನಿಯಾದ ತಂಡಗಳೊಂದಿಗೆ ಪಶ್ಚಿಮದಲ್ಲಿತ್ತು. ಎರಡೂ ಬಣಗಳಲ್ಲಿ ತಂಡಗಳ ಸಂಖ್ಯೆ ಸಮವಾಗಿರಬೇಕೆಂಬ ಕಾರಣಕ್ಕೆ ನಡುಪ್ರದೇಶದ ತಂಡಗಳನ್ನು ಅತ್ತಿಂದಿತ್ತ ಸರಿಸುವುದುಂಟು. ಎಫ್‌ಸಿ ಟಲ್ಸಾ 2023ರಲ್ಲಿ ಪೂರ್ವದಲ್ಲಿ ಆಡಿ ಮರುವರ್ಷ ಪಶ್ಚಿಮಕ್ಕೆ ಹೋದದ್ದು ಹೀಗೆ.

ಇನ್ನು ಪಟ್ಟಿಯ ಅಂಕಣಗಳು. ಇಲ್ಲಿ ಒಂದು ಸಣ್ಣ ವಿಷಯ ದೊಡ್ಡ ತಪ್ಪಿಗೆ ಕಾರಣವಾಗುತ್ತದೆ, ನಾನೂ ಅದರಲ್ಲಿ ಎಡವಿದವನೇ. ಯುರೋಪಿನ ಪಟ್ಟಿಗಳಲ್ಲಿ ಗೆಲುವು, ಡ್ರಾ, ಸೋಲು ಎಂಬ ಕ್ರಮವಿದ್ದರೆ, ಅಮೆರಿಕದಲ್ಲಿ ಸಾಮಾನ್ಯವಾಗಿ ಗೆಲುವು, ಸೋಲು, ಡ್ರಾ ಎಂದು ಬರೆಯುತ್ತಾರೆ. 2024ರ ಲೂಯಿವಿಲ್ ಸಿಟಿಯ ದಾಖಲೆ 24-6-4. ಇದನ್ನು ಯುರೋಪಿನ ರೂಢಿಯಂತೆ ಓದಿದರೆ 24 ಗೆಲುವು, 6 ಡ್ರಾ ಎಂದಾಗಿ 78 ಅಂಕ ಬರುತ್ತದೆ. ವಾಸ್ತವದಲ್ಲಿ ಅದು 24 ಗೆಲುವು, 6 ಸೋಲು, 4 ಡ್ರಾ. ಗೆಲುವಿಗೆ 3 ಮತ್ತು ಡ್ರಾಗೆ 1ರಂತೆ 76 ಅಂಕ. ಹೊಸ ಪಟ್ಟಿಯೊಂದನ್ನು ಓದುವಾಗಲೆಲ್ಲ ಯಾವುದಾದರೂ ಒಂದು ತಂಡದ ಅಂಕವನ್ನು ಹೀಗೆ ಕೂಡಿ ನೋಡಿದರೆ ಅಂಕಣಗಳ ಕ್ರಮ ಯಾವುದೆಂಬುದು ತಕ್ಷಣ ತಿಳಿಯುತ್ತದೆ.

ಅಂಕಗಳಿಗಿಂತಲೂ ಮೊದಲು ಗಮನಿಸಬೇಕಾದದ್ದು ಆಡಿದ ಪಂದ್ಯಗಳ ಅಂಕಣ. ಈ ಲೀಗಿನಲ್ಲಿ ಬೇಸಗೆಯ ನಡುವೆ ಒಂದು ತಂಡ 20 ಪಂದ್ಯ ಮುಗಿಸಿದ್ದರೆ ಇನ್ನೊಂದು 17ರಲ್ಲೇ ನಿಂತಿರುವುದು ವಿರಳವಲ್ಲ. ಇದಕ್ಕೆ ಕಾರಣಗಳು ಹಲವು: ಯುಎಸ್ ಓಪನ್ ಕಪ್‌ನಂತಹ ನಾಕೌಟ್ ಟೂರ್ನಿಗಳು ವಾರದ ನಡುವಿನ ದಿನಗಳನ್ನು ನುಂಗುತ್ತವೆ, ಗುಡುಗು ಮಿಂಚಿನಿಂದ ಪಂದ್ಯಗಳು ಮುಂದೂಡಲ್ಪಡುತ್ತವೆ, ಕೆಲವು ತಂಡಗಳಿಗೆ ತಮ್ಮದೇ ಆದ ಕ್ರೀಡಾಂಗಣವಿಲ್ಲ. ಟಲ್ಸಾ, ಎಲ್ ಪಾಸೊ ಮತ್ತು ನ್ಯೂ ಮೆಕ್ಸಿಕೊ ಯುನೈಟೆಡ್ ತಂಡಗಳು ಬೇಸ್‌ಬಾಲ್ ತಂಡಗಳೊಂದಿಗೆ ಅಂಗಳ ಹಂಚಿಕೊಂಡಿರುವುದರಿಂದ, ಬೇಸ್‌ಬಾಲ್ ತಂಡ ಪರಸ್ಥಳಕ್ಕೆ ಹೋದಾಗ ಮಾತ್ರ ಅವುಗಳಿಗೆ ತವರಿನ ಪಂದ್ಯ ಸಿಗುತ್ತದೆ. ಅಂತಹ ತಂಡದೊಂದಿಗೆ ಆಡಬೇಕಾದ ಪೂರ್ವದ ತಂಡದ ವೇಳಾಪಟ್ಟಿಯೂ ಅದಕ್ಕೆ ತಕ್ಕಂತೆ ವಾಲುತ್ತದೆ.

ಆದುದರಿಂದ ಅಂಕವನ್ನು ಆಡಿದ ಪಂದ್ಯಗಳ ಸಂಖ್ಯೆಯಿಂದ ಭಾಗಿಸಿ, ಪಂದ್ಯವೊಂದಕ್ಕೆ ಎಷ್ಟು ಅಂಕ ಎಂಬ ಸರಾಸರಿಯನ್ನು ಕಂಡುಕೊಳ್ಳಬೇಕು. ಕಾಲ್ಪನಿಕ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಐದನೆಯ ಸ್ಥಾನದ ತಂಡ 20 ಪಂದ್ಯಗಳಲ್ಲಿ 30 ಅಂಕ, ಏಳನೆಯ ಸ್ಥಾನದ ತಂಡ 17 ಪಂದ್ಯಗಳಲ್ಲಿ 28 ಅಂಕ ಗಳಿಸಿವೆ ಎಂದುಕೊಳ್ಳಿ. ಮೊದಲನೆಯದರ ಸರಾಸರಿ 1.50, ಎರಡನೆಯದರದು ಸುಮಾರು 1.65. ಋತುವಿಗೆ 30 ಪಂದ್ಯಗಳಿದ್ದು, ಇದೇ ಗತಿ ಮುಂದುವರಿದರೆ ಮೊದಲನೆಯ ತಂಡ 45ರಲ್ಲಿ ನಿಲ್ಲುತ್ತದೆ, ಎರಡನೆಯದು 49ರ ಆಸುಪಾಸಿಗೆ ಹೋಗುತ್ತದೆ. ಆದರೆ ಬಾಕಿ ಉಳಿದ ಪಂದ್ಯವನ್ನು ಕೈಗೆ ಬಂದ ಅಂಕವೆಂದು ಎಣಿಸುವುದು ಅತಿಯಾಸೆ. ಉಳಿದ ಪಂದ್ಯಗಳೆಲ್ಲ ಪರಸ್ಥಳದಲ್ಲಿ ನಾಲ್ಕು ದಿನಕ್ಕೊಂದರಂತೆ ಬಂದರೆ ಸರಾಸರಿ ಇಳಿಯುವ ಸಾಧ್ಯತೆಯೇ ಹೆಚ್ಚು. ಅದಕ್ಕಾಗಿ ಉಳಿದ ಪಂದ್ಯಗಳಲ್ಲಿ ತವರಿನವು ಎಷ್ಟು ಎಂಬುದನ್ನು ಪಕ್ಕದಲ್ಲೇ ಗುರುತು ಹಾಕಿಕೊಳ್ಳಬೇಕು.

ಪ್ರತಿ ಕಾನ್ಫರೆನ್ಸ್‌ನಿಂದ ಪ್ಲೇಆಫ್ ಪ್ರವೇಶಿಸುವುದು ಮೊದಲ ಎಂಟು ತಂಡಗಳು. ಪಟ್ಟಿಯಲ್ಲಿ ನಾಲ್ಕನೆಯ ಮತ್ತು ಐದನೆಯ ತಂಡಗಳ ನಡುವೆ ಒಂದು ಗೆರೆ, ಎಂಟನೆಯ ಮತ್ತು ಒಂಬತ್ತನೆಯ ತಂಡಗಳ ನಡುವೆ ಇನ್ನೊಂದು ಗೆರೆ ಎಳೆದುಕೊಳ್ಳಿ. ಎರಡನೆಯ ಗೆರೆಯ ಅರ್ಥ ಎಲ್ಲರಿಗೂ ಗೊತ್ತು, ಆದರೆ ಮೊದಲನೆಯದನ್ನು ಅನೇಕರು ಕಡೆಗಣಿಸುತ್ತಾರೆ. ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಒಂದನೆಯ ತಂಡ ಎಂಟನೆಯದನ್ನು, ಎರಡನೆಯದು ಏಳನೆಯದನ್ನು, ಮೂರನೆಯದು ಆರನೆಯದನ್ನು, ನಾಲ್ಕನೆಯದು ಐದನೆಯದನ್ನು ಎದುರಿಸುತ್ತದೆ. ಪ್ರತಿಯೊಂದೂ ಒಂದೇ ಪಂದ್ಯ, ಮೇಲಿನ ಸ್ಥಾನದ ತಂಡದ ಅಂಗಳದಲ್ಲಿ. ಅಂದರೆ ನಾಲ್ಕು ಮತ್ತು ಐದನೆಯ ಸ್ಥಾನಗಳ ನಡುವಿನ ಒಂದು ಅಂಕ, ತವರು ಜನರ ಮುಂದೆ ಆಡುವ ಹಕ್ಕನ್ನು ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಕೊಡುತ್ತದೆ. ಋತುವಿನ ಕೊನೆಯ ವಾರಗಳಲ್ಲಿ ನಾನು ಮೊದಲು ನೋಡುವುದು ಈ ಗೆರೆಯನ್ನೇ.

ಒಂದೇ ಪಂದ್ಯದ ಸುತ್ತುಗಳಾದ್ದರಿಂದ ಮೇಲಿನ ಸ್ಥಾನ ರಕ್ಷಾಕವಚವೇನೂ ಅಲ್ಲ. 2023ರಲ್ಲಿ ಇಡೀ ಲೀಗಿನಲ್ಲಿಯೇ ಉತ್ತಮ ದಾಖಲೆ ಹೊಂದಿದ್ದ ಪಿಟ್ಸ್‌ಬರ್ಗ್ ರಿವರ್‌ಹೌಂಡ್ಸ್, ಪೂರ್ವದಲ್ಲಿ ಎಂಟನೆಯದಾಗಿ ಒಳಬಂದ ಡೆಟ್ರಾಯಿಟ್ ಸಿಟಿಗೆ ಮೊದಲ ಸುತ್ತಿನಲ್ಲೇ 0-1ರಿಂದ ಸೋತಿತು. ಮರುವರ್ಷ 76 ಅಂಕಗಳ ಲೂಯಿವಿಲ್‌ನ ಗತಿಯೂ ಹೆಚ್ಚು ಭಿನ್ನವಾಗಲಿಲ್ಲ. ತನ್ನ ಮೊಟ್ಟಮೊದಲ ಋತುವನ್ನು ಆಡುತ್ತಿದ್ದ ರೋಡ್ ಐಲೆಂಡ್ ಎಫ್‌ಸಿ ಅದನ್ನು ಅದರ ಅಂಗಳದಲ್ಲೇ 3-0ರಿಂದ ಮಣಿಸಿ, ಬಳಿಕ ಚಾರ್ಲ್‌ಸ್ಟನ್ ಬ್ಯಾಟರಿಯನ್ನೂ ದಾಟಿ ಪೂರ್ವದ ಕಿರೀಟ ಧರಿಸಿತು. ಸಾಮಾನ್ಯ ಋತುವಿನಲ್ಲಿ, ಅಂದರೆ ಪ್ಲೇಆಫ್‌ಗೆ ಮುಂಚಿನ ಪಂದ್ಯಗಳಲ್ಲಿ, ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿದ ತಂಡಕ್ಕೆ ಪ್ಲೇಯರ್ಸ್ ಶೀಲ್ಡ್ ಎಂಬ ಪ್ರತ್ಯೇಕ ಗೌರವವಿದೆ. ಲೂಯಿವಿಲ್‌ಗೆ ಆ ವರ್ಷ ಉಳಿದದ್ದು ಅದೇ. ಏಳೆಂಟು ತಿಂಗಳ ದುಡಿಮೆಗೆ ಒಂದು ಸಂಜೆ ಇಷ್ಟು ತೂಕ ಪಡೆಯುವುದು ನನಗೆ ನ್ಯಾಯವೆನಿಸುವುದಿಲ್ಲ, ಆದರೆ ಪಟ್ಟಿಯನ್ನು ಓದುವವರು ಲೀಗಿನ ನಿಯಮವನ್ನೇ ಅನುಸರಿಸಬೇಕಾಗುತ್ತದೆ.

ಮುಂದಿನ ಹೆಜ್ಜೆ, ಉಳಿದ ಪಂದ್ಯಗಳನ್ನು ಒಳಗಿನವು ಮತ್ತು ಹೊರಗಿನವು ಎಂದು ಬೇರ್ಪಡಿಸುವುದು. 2024ರಲ್ಲಿ ಪ್ರತಿ ತಂಡ ತನ್ನ ಕಾನ್ಫರೆನ್ಸ್‌ನ 11 ಎದುರಾಳಿಗಳೊಂದಿಗೆ ತವರಿನಲ್ಲೊಮ್ಮೆ, ಪರಸ್ಥಳದಲ್ಲೊಮ್ಮೆಯಂತೆ 22 ಪಂದ್ಯಗಳನ್ನೂ, ಆಚೆಯ ಕಾನ್ಫರೆನ್ಸ್‌ನ ಹನ್ನೆರಡೂ ತಂಡಗಳೊಂದಿಗೆ ಒಂದೊಂದನ್ನೂ ಆಡಿ ಒಟ್ಟು 34 ಪೂರೈಸಿತು. 2025ರಲ್ಲಿ ಒಳಗಿನ 22 ಹಾಗೆಯೇ ಉಳಿದು, ಹೊರಗಿನವು 8ಕ್ಕೆ ಇಳಿದು, ಒಟ್ಟು 30 ಆಯಿತು. ಈ ಇಳಿಕೆ ಓದುಗರಿಗೆ ಮುಖ್ಯ. ಆಚೆಯ ಹನ್ನೆರಡರಲ್ಲಿ ಎಂಟನ್ನು ಮಾತ್ರ ಎದುರಿಸುವಾಗ ಎಲ್ಲರಿಗೂ ಒಂದೇ ಎಂಟು ಸಿಗುವುದಿಲ್ಲ. ಪೂರ್ವದ ಒಂದು ತಂಡ ಸುಮಾರು 1,840 ಮೀಟರ್ ಎತ್ತರದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಏದುಸಿರು ಬಿಡುತ್ತಾ ಆಡಬೇಕಾದಾಗ, ಅದರ ಪ್ರತಿಸ್ಪರ್ಧಿಗೆ ಆ ಪ್ರಯಾಣವೇ ಬಾರದಿರಬಹುದು.

ಒಳಗಿನ ಪಂದ್ಯಗಳ ತೂಕ ಬೇರೆ. ಎಂಟನೆಯ ಮತ್ತು ಒಂಬತ್ತನೆಯ ತಂಡಗಳು ಪರಸ್ಪರ ಆಡಿದಾಗ ಗೆದ್ದವರಿಗೆ ಮೂರು ಅಂಕ ಬರುವುದಷ್ಟೇ ಅಲ್ಲದೆ ಎದುರಾಳಿಗೆ ಸಿಗಬಹುದಾಗಿದ್ದ ಮೂರೂ ತಪ್ಪುತ್ತವೆ. ಇಂತಹ ಪಂದ್ಯವನ್ನು ಅಭಿಮಾನಿಗಳು ಆರು ಅಂಕದ ಪಂದ್ಯವೆಂದು ಕರೆಯುವುದು ಅದಕ್ಕಾಗಿಯೇ. ಪಶ್ಚಿಮದ ತಂಡದೆದುರು ಗೆದ್ದಾಗ ನಿಮ್ಮ ಅಂಕ ಏರುತ್ತದೆ, ಆದರೆ ನಿಮ್ಮ ಪಟ್ಟಿಯಲ್ಲಿ ಬೇರೆ ಯಾರೂ ಅಂಕ ಕಳೆದುಕೊಳ್ಳುವುದಿಲ್ಲ.

ಸ್ಥಾನ ಖಚಿತವಾಗಿದೆಯೇ ಎಂದು ತಿಳಿಯಲು ಗೆರೆಯ ಕೆಳಗಿನ ತಂಡದ ಗರಿಷ್ಠ ಅಂಕವನ್ನು ಲೆಕ್ಕ ಹಾಕಿ. ಒಂಬತ್ತನೆಯ ತಂಡಕ್ಕೆ 33 ಅಂಕಗಳಿದ್ದು 3 ಪಂದ್ಯ ಉಳಿದಿದ್ದರೆ ಅದರ ಗರಿಷ್ಠ 42. ನಿಮ್ಮ ತಂಡ 40ರಲ್ಲಿದ್ದರೆ ಇನ್ನೊಂದು ಗೆಲುವು ಅದನ್ನು 43ಕ್ಕೆ ಒಯ್ದು ಚಿಂತೆಯನ್ನು ಕಳೆಯುತ್ತದೆ. ಎರಡು ಡ್ರಾಗಳು ಬಂದರೆ, ಅಂಕಗಳು ಸಮವಾದಾಗ ಯಾರು ಮೇಲೆಂದು ನಿರ್ಧರಿಸುವ ಸಮಬಲದ ನಿಯಮವನ್ನು ಅವಲಂಬಿಸಬೇಕಾಗಬಹುದು. ಹತ್ತನೆಯ, ಹನ್ನೊಂದನೆಯ ತಂಡಗಳಿಗೂ ಇದೇ ಲೆಕ್ಕ ಮಾಡಬೇಕು, ಏಕೆಂದರೆ ಪಂದ್ಯ ಹೆಚ್ಚು ಬಾಕಿ ಉಳಿಸಿಕೊಂಡ ತಂಡ ಕೆಳಗಿದ್ದರೂ ಅದರ ಗರಿಷ್ಠ ಮೇಲಿರಬಹುದು. ಸಮಬಲದ ನಿಯಮದ ವಿಷಯದಲ್ಲಿ ಬೇರೆ ಲೀಗಿನ ರೂಢಿಯನ್ನು ಇಲ್ಲಿಗೆ ಹೊತ್ತು ತರಬಾರದು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೋಲು ವ್ಯತ್ಯಾಸವನ್ನು ಮೊದಲು ನೋಡಿದರೆ, ಮೇಜರ್ ಲೀಗ್ ಸಾಕರ್ ಗೆಲುವುಗಳ ಸಂಖ್ಯೆಯನ್ನೂ ಸ್ಪೇನಿನ ಲಾ ಲಿಗಾ ಪರಸ್ಪರ ಪಂದ್ಯಗಳ ಫಲಿತಾಂಶವನ್ನೂ ಮೊದಲು ನೋಡುತ್ತವೆ. ಯುಎಸ್‌ಎಲ್ ಆ ಋತುವಿಗೆ ಪ್ರಕಟಿಸಿದ ಸ್ಪರ್ಧಾ ನಿಯಮಗಳ ಪುಟವನ್ನೇ ತೆರೆದಿಟ್ಟುಕೊಳ್ಳಿ.

ಯಾವ ಫಲಿತಾಂಶಗಳನ್ನು ಪಟ್ಟಿಗೆ ಸೇರಿಸಬಾರದು ಎಂಬುದೂ ಗೊತ್ತಿರಬೇಕು. ಓಪನ್ ಕಪ್ ಪಂದ್ಯಗಳೂ, 2025ರಿಂದ ಚಾಂಪಿಯನ್‌ಷಿಪ್ ತಂಡಗಳೂ ಭಾಗವಹಿಸುತ್ತಿರುವ ಯುಎಸ್‌ಎಲ್ ಕಪ್ ಪಂದ್ಯಗಳೂ ಕಾನ್ಫರೆನ್ಸ್ ಅಂಕಕ್ಕೆ ಸೇರುವುದಿಲ್ಲ. ಪೂರ್ವದ ಹಾರ್ಟ್‌ಫರ್ಡ್ ಅಥ್ಲೆಟಿಕ್ 2025ರಲ್ಲಿ ಆ ಕಪ್ ಗೆದ್ದರೂ ಅದರಿಂದ ಅಂಕಪಟ್ಟಿಯಲ್ಲಿ ಒಂದು ಅಂಕವೂ ಹೆಚ್ಚಲಿಲ್ಲ. ದಿನಾಂಕದ ವಿಷಯದಲ್ಲಿಯೂ ಎಚ್ಚರವಿರಲಿ: ಪೂರ್ವದ ಸ್ಥಳೀಯ ಸಮಯ ಶನಿವಾರ ಸಂಜೆ 7 ಗಂಟೆಯ ಪಂದ್ಯ, ಅಲ್ಲಿ ಬೇಸಗೆಯ ಗಡಿಯಾರ (ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಕ್ರಮ) ಜಾರಿಯಲ್ಲಿರುವಾಗ ಭಾರತೀಯ ಕಾಲಮಾನದಲ್ಲಿ ಭಾನುವಾರ ಬೆಳಗಿನ 4:30ಕ್ಕೆ ಆರಂಭವಾಗುತ್ತದೆ, ಪಶ್ಚಿಮ ಕರಾವಳಿಯ ಸಂಜೆ 7 ಗಂಟೆಯ ಪಂದ್ಯ ಅದಕ್ಕಿಂತ ಮೂರು ಗಂಟೆ ತಡ. ಹೀಗಾಗಿ ಭಾನುವಾರ ಮುಂಜಾನೆ ನೋಡುವ ಪಟ್ಟಿ ಬಹುಮಟ್ಟಿಗೆ ಅರ್ಧ ಮಾತ್ರ ತುಂಬಿರುತ್ತದೆ.

ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬೇಕಾದ ಸಂದರ್ಭ ಬರುವುದು ಕಟ್ಟಕಡೆಯಲ್ಲಿ. ಪೂರ್ವ ಮತ್ತು ಪಶ್ಚಿಮದ ವಿಜೇತರು ಸೆಣಸುವ ಲೀಗ್ ಫೈನಲ್ ತಟಸ್ಥ ಅಂಗಳದಲ್ಲಿ ನಡೆಯುವುದಿಲ್ಲ; ಇಬ್ಬರಲ್ಲಿ ಸಾಮಾನ್ಯ ಋತುವಿನ ದಾಖಲೆ ಯಾರದು ಉತ್ತಮವೋ ಅವರಿಗೆ ಆತಿಥ್ಯ ದೊರೆಯುತ್ತದೆ. 2023ರಲ್ಲಿ ಪೂರ್ವದ ಚಾರ್ಲ್‌ಸ್ಟನ್‌ಗೆ ಆ ಅವಕಾಶ ಸಿಕ್ಕಿತು, ಆದರೆ ಪಶ್ಚಿಮದಲ್ಲಿ ಆರನೆಯದಾಗಿದ್ದ ಫೀನಿಕ್ಸ್ ರೈಸಿಂಗ್ ಅಲ್ಲಿಗೆ ಬಂದು 1-1ರ ಸಮಬಲದ ನಂತರ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದಿತು. 2025ರಲ್ಲಿ ಆತಿಥ್ಯ ಪಶ್ಚಿಮದ ಟಲ್ಸಾಗೆ ಹೋಯಿತು. ಗೋಲಿಲ್ಲದೆ ಮುಗಿದ ಆ ಫೈನಲ್‌ನ ಶೂಟೌಟ್‌ನಲ್ಲಿ 5-3ರಿಂದ ಗೆದ್ದು ಮೊದಲ ಬಾರಿಗೆ ಲೀಗ್ ಪ್ರಶಸ್ತಿಯನ್ನು ಮನೆಗೆ ಕೊಂಡೊಯ್ದದ್ದು, ಎರಡು ವರ್ಷಗಳ ಹಿಂದೆ ಎಂಟನೆಯ ಸ್ಥಾನದ ತಂಡಕ್ಕೆ ಸೋತಿದ್ದ ಪೂರ್ವದ ಅದೇ ಪಿಟ್ಸ್‌ಬರ್ಗ್.