ಪುಣೆಯಿಂದ ಮಹಾಬಳೇಶ್ವರಕ್ಕೆ ಗುಂಪಾಗಿ ಸೈಕಲ್‌ನಲ್ಲಿ ಹೋಗುವುದು ಹೇಗೆ?

ಪುಣೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ. ಮಹಾಬಳೇಶ್ವರ ಸುಮಾರು 1,350 ಮೀಟರ್. ನಡುವೆ ಹತ್ತಿರ ಹತ್ತಿರ 120 ಕಿ.ಮೀ. ದಾರಿ. 800 ಮೀಟರ್ ಏರಿದರೆ ಆಯ್ತಲ್ಲ ಅಂತ ಮೊದಲ ಸಲ ನಾನೂ ಲೆಕ್ಕ ಹಾಕಿದ್ದೆ. ಆದರೆ ದಾರಿಯಲ್ಲಿ ಕಾತ್ರಜ್, ಖಂಬಾಟಕಿ, ಪಸರಣಿ ಎಂದು ಮೂರು ಘಾಟಿಗಳಿವೆ. ಮೊದಲ ಎರಡರಲ್ಲಿ ಕಷ್ಟಪಟ್ಟು ಏರಿದ್ದನ್ನೆಲ್ಲ ಇಳಿದು, ಮತ್ತೆ ಏರಬೇಕು.

ಒಂದು ತಿಂಗಳ ಮುಂಚೆ

ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಘಾಟಿ ಚಂದ, ನಿಜ. ಆದರೆ ಮಂಜು, ಜಾರುವ ರಸ್ತೆ. ಹೊಸ ಗುಂಪಿಗೆ ಬೇಡ. ಆರೆಂಟು ಜನ ಸಾಕು. ಭಾನುವಾರ ಬೆಳಿಗ್ಗೆ ಕಾತ್ರಜ್ ಹಳೆ ಘಾಟಿ ಹತ್ತಿ ಅಭ್ಯಾಸ ಮಾಡಿ. ಅದು ಸಲೀಸು ಅನ್ನಿಸಿದ ಮೇಲೆ ಪುಣೆ ಹತ್ತಿರದ ಸಿಂಹಗಡ ಕೋಟೆ. ಸಿಂಹಗಡ ಹತ್ತಿದವರನ್ನು ಪಸರಣಿ ಅಷ್ಟೊಂದು ಹೆದರಿಸುವುದಿಲ್ಲ.

ಗೇರ್ ನೋಡಿಕೊಳ್ಳಿ. ಹಿಂದಿನ ಗೇರ್ ಹಲ್ಲುಚಕ್ರಗಳಲ್ಲಿ ಎಲ್ಲಕ್ಕಿಂತ ದೊಡ್ಡದಕ್ಕೆ 32 ಹಲ್ಲಾದರೂ ಇರಲಿ. ಬ್ರೇಕ್ ಪ್ಯಾಡ್ ಸವೆದಿದ್ದರೆ ಸುಮ್ನೆ ಬದಲಿಸಿಬಿಡಿ. ಒಬ್ಬೊಬ್ಬರಿಗೂ ಎರಡು ಟ್ಯೂಬ್, ಗುಂಪಿಗೆ ಎರಡು ಪಂಪ್.

ಹೊರಡುವ ದಿನ

ಬೆಳಿಗ್ಗೆ ಐದಕ್ಕೆ ಪುಣೆಯ ಸ್ವಾರಗೇಟ್ ಬಿಡಿ. ಕಾತ್ರಜ್ ಹಳೆ ಸುರಂಗದೊಳಗೆ ಹೋಗುವ ಮುಂಚೆ ಹಿಂದಿನ ಕೆಂಪು ಲೈಟ್ ಉರಿಯುತ್ತಿದೆಯಾ ಎಂದು ಒಬ್ಬರದ್ದು ಇನ್ನೊಬ್ಬರು ನೋಡಿ. ಹೆದ್ದಾರಿಯಲ್ಲಿ ಒಂದೇ ಸಾಲು. ಹರಟೆಗೆ ಅಕ್ಕಪಕ್ಕ ಬರುವುದು ಬೇಡ. ದಾರಿ ಗೊತ್ತಿದ್ದವರು ಮುಂದೆ, ಪಂಕ್ಚರ್ ಹಾಕಲು ಬರುವವರು ಕೊನೆಗೆ. ಕೊನೆಯವರನ್ನು ಯಾವ ಕಾರಣಕ್ಕೂ ಬದಲಿಸಬೇಡಿ.

ನೀರಾ ನದಿ ದಾಟಿದರೆ ಶಿರವಳ. ಅಲ್ಲಿ ಅವಲಕ್ಕಿ, ಚಹಾ. ಖಾರದ ಕಾಳಿನ ಮಿಸಳ್ ಕಂಡರೆ ಆಸೆ ಆಗುತ್ತದೆ, ಆದರೆ ಘಾಟಿ ಮುಂದಿದೆ, ತಡೆದುಕೊಳ್ಳಿ.

ನಾವು ಹೋದಾಗ ಖಂಬಾಟಕಿಯಲ್ಲಿ ಸಾತಾರಾ ಕಡೆಗೆ ಹೋಗುವ ವಾಹನಗಳು ಗುಡ್ಡ ಹತ್ತಿ ಹೋಗುತ್ತಿದ್ದವು, ವಾಪಸ್ ಬರುವವು ಸುರಂಗದಲ್ಲಿ. ಹಾಗಾಗಿ ಎದುರಿಗೆ ಯಾರೂ ಇರಲಿಲ್ಲ. ಲಾರಿಗಳು ಮಾತ್ರ ಆಮೆಯಂತೆ ತೆವಳುತ್ತವೆ. ಅವುಗಳನ್ನು ಹಿಂದೆ ಹಾಕುವ ಹುಮ್ಮಸ್ಸು ಬೇಡ. ಘಾಟಿ ಇಳಿದ ಮೇಲೆ ಸುರೂರ್ ಫಾಟಾ ಎಂಬ ಕವಲಿನಲ್ಲಿ ಬಲಕ್ಕೆ ತಿರುಗಿದರೆ ವಾಯಿ ರಸ್ತೆ. ಲಾರಿಗಳ ಸದ್ದು ಹಿಂದೆ ಉಳಿಯುತ್ತದೆ.

ವಾಯಿಯಲ್ಲಿ ಅರ್ಧ ಗಂಟೆ ಕೂರಿ. ನಮ್ಮ ಗುಂಪಿನಲ್ಲಿ ಬಾಗಲಕೋಟೆಯವರೊಬ್ಬರು ಕೃಷ್ಣೆಯ ಮೆಟ್ಟಿಲ ಮೇಲೆ ನಿಂತು, 'ಇಷ್ಟೇ ಇಷ್ಟು ನೀರು, ನಮ್ಮ ಆಲಮಟ್ಟಿಗೆ ಬರೋದರಾಗ ಸಮುದ್ರ ಆಗತೈತಿ ನೋಡ್ರಿ' ಎಂದಿದ್ದರು. ಆ ನದಿ ಹುಟ್ಟುವ ಊರಿಗೇ ನೀವು ಹೊರಟಿರುವುದು.

ಪಸರಣಿ

ವಾಯಿಯಿಂದ ಪಂಚಗಣಿಗೆ ಸುಮಾರು 12 ಕಿ.ಮೀ. ಅಷ್ಟರಲ್ಲೇ 600 ಮೀಟರ್‌ನಷ್ಟು ಏರಬೇಕು. ಇಲ್ಲಿ ಗುಂಪಿನ ಶಿಸ್ತು ಬಿಟ್ಟುಬಿಡಿ. ಹೌದು, ಬಿಟ್ಟುಬಿಡಿ. ಬೇರೆಯವರ ವೇಗಕ್ಕೆ ಏರು ಹತ್ತಲು ಹೋದವರು ಅರ್ಧದಲ್ಲೇ ಸೋಲುತ್ತಾರೆ. ಮೂರು ಕಿ.ಮೀ.ಗೊಮ್ಮೆ ಅಗಲವಾದ ಜಾಗದಲ್ಲಿ ಕಾಯುವುದು ಎಂದು ಮಾತಾಡಿಕೊಂಡು, ಅವರವರ ಪಾಡಿಗೆ ತುಳಿಯಿರಿ. ಕೊನೆಯವರೊಬ್ಬರು ಮಾತ್ರ ಕೊನೆಗೇ ಇರಲಿ.

ಮೊದಲ ಸಲ ನಾನು ವಾಯಿಯಲ್ಲಿ ಬರೀ ನೀರು ಕುಡಿದು, ಎಲ್ಲರಿಗಿಂತ ಮುಂದೆ ಹೊರಟೆ. ಐದನೇ ಕಿ.ಮೀ.ನಲ್ಲಿ ಕಣ್ಣು ಕತ್ತಲೆ, ಕೈ ನಡುಕ. ರಸ್ತೆ ಬದಿ ಕೂತಿದ್ದಾಗ ಬೆಳಗಾವಿಯ ಕಾಕಾ ಒಬ್ಬರು ಸೈಕಲ್ ತುಳಿಯುತ್ತ ನಿಧಾನಕ್ಕೆ ಬಂದರು. 'ಯಾಕ ತಮ್ಮಾ, ಕುಂತಿ?' ಎಂದು ಶೇಂಗಾ ಚಿಕ್ಕಿ ಕೈಗಿಟ್ಟು, ನಿಲ್ಲದೆ ಹೋದರು. ಅವತ್ತಿನಿಂದ ಮುಕ್ಕಾಲು ಗಂಟೆಗೊಮ್ಮೆ ಹಸಿವಿದ್ದರೂ ಇಲ್ಲದಿದ್ದರೂ ಏನಾದರೂ ತಿನ್ನುತ್ತೇನೆ. ಚಿಕ್ಕಿ, ಬಾಳೆಹಣ್ಣು, ಖರ್ಜೂರ. ನೀರಿಗೆ ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ.

ಪಂಚಗಣಿಯಿಂದ ಮುಂದೆ ಸುಮಾರು 20 ಕಿ.ಮೀ. ಏರಿಳಿತ ಇದೆ, ಜೀವ ಹಿಂಡುವುದಿಲ್ಲ. ಚಳಿಗಾಲದಲ್ಲಿ ದಾರಿಯುದ್ದಕ್ಕೂ ಸ್ಟ್ರಾಬೆರಿ.

ಮರುದಿನ ಇಳಿಯುವಾಗ

ಜಾಸ್ತಿ ಜನ ಬೀಳುವುದು ಇಳಿಯುವಾಗಲೇ. ಬ್ರೇಕ್ ಒತ್ತಿಕೊಂಡೇ ಇಳಿದರೆ ರಿಮ್ ಕಾದು ಟ್ಯೂಬ್ ಒಡೆಯಬಹುದು. ತಿರುವಿಗೆ ಮುಂಚೆ ಎರಡೂ ಬ್ರೇಕ್ ಒತ್ತಿ, ಬಿಡಿ. ನಡುವೆ ಎರಡು ಸಲ ನಿಂತು ತಣಿಸಿ. ಡಿಸ್ಕ್ ಬ್ರೇಕ್ ಇದ್ದರೆ ಆ ತಟ್ಟೆ ಮುಟ್ಟಬೇಡಿ, ಬೆರಳು ಸುಡುತ್ತದೆ.

ವಾಯಿಯಿಂದ ಮುಂದೆ ಟೆಂಪೊ ಮಾಡಿಕೊಳ್ಳಿ. ದಣಿದ ಕಾಲಲ್ಲಿ ಮತ್ತೆ ಹೆದ್ದಾರಿ ಬೇಡ. ಸೈಕಲ್‌ಗಳ ನಡುವೆ ಹಾಕಲು ಹಳೆ ಬೆಡ್‌ಶೀಟ್ ಮನೆಯಿಂದಲೇ ತನ್ನಿ. ಟೆಂಪೊದವರ ಹತ್ತಿರ ಇರುವುದು ಹಗ್ಗ ಮಾತ್ರ.