ಸಾಲಿನ ಲೆಕ್ಕದಲ್ಲಿ ರೆಕಾರ್ಡಿಂಗ್: ನಾನು ಕೆಲಸ ಮಾಡುವ ರೀತಿ, ಸಾಫ್ಟ್‌ವೇರ್‌ನಲ್ಲಿ ಇನ್ನೂ ಬೇಕಾದದ್ದು

ಮಲೆನಾಡಿನ ಸಾಗರ ಪೇಟೆಯ ಹತ್ತಿರ ನಮ್ಮ ಮನೆ. ಅಟ್ಟದ ಒಂದು ಮೂಲೆಯಲ್ಲಿ ನನ್ನ ರೆಕಾರ್ಡಿಂಗ್ ನಡೆಯುತ್ತದೆ. ಭಾವಗೀತೆ, ದೇವರನಾಮ, ಭಾಗವತಿಕೆ ಕಲಿಯುವ ಹುಡುಗರ ಅಭ್ಯಾಸಕ್ಕೆ ಯಕ್ಷಗಾನದ ಪದ್ಯ, ಹೆಂಗಸರ ಹಸೆ ಹಾಡು, ದೀಪಾವಳಿ ಬಂತೆಂದರೆ ಅಂಟಿಗೆ ಪಂಟಿಗೆ ತಂಡದ ಹಾಡು, ಹೀಗೆ ಬಂದದ್ದನ್ನೆಲ್ಲ ಮಾಡುತ್ತೇನೆ. ಹೊಸದಾಗಿ ಶುರು ಮಾಡುವವರು ಕೇಳುವ ಮೊದಲ ಪ್ರಶ್ನೆ, ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ. ಧ್ವನಿ ಹಿಡಿಯುವುದರಲ್ಲಿ ಈಗ ಯಾವುದೂ ಕಡಿಮೆಯಿಲ್ಲ. ಅದೇ ಮೈಕು, ಅದೇ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಇದ್ದರೆ ಯಾವುದರಲ್ಲಿ ಮಾಡಿದರೂ ಅದೇ ಧ್ವನಿ. ತೊಂದರೆ ಬರುವುದು ಕೆಲಸದ ದಾರಿಯಲ್ಲಿ. ಈ ಸಾಫ್ಟ್‌ವೇರುಗಳೆಲ್ಲ ಹಾಡನ್ನು ಬಾರು (ತಾಳದ ಒಂದು ಸುತ್ತು), ಬೀಟು (ಅದರೊಳಗಿನ ಒಂದೊಂದು ಪೆಟ್ಟು) ಅಂತ ಅಳೆಯುತ್ತವೆ. ನನ್ನ ಹತ್ತಿರ ಬರುವವರು ಸಾಲಿನ ಲೆಕ್ಕದಲ್ಲಿ ಹಾಡುತ್ತಾರೆ. "ಎರಡನೇ ಚರಣದ ಮೂರನೇ ಸಾಲು ಇನ್ನೊಂದ್ಸಲ ಹಾಡ್ತೀನಿ" ಅಂತಾರೆ. ನಲವತ್ತೊಂದನೇ ಬಾರಿನಿಂದ ಹಾಡ್ತೀನಿ ಅಂತ ಈವರೆಗೆ ಯಾರೂ ಹೇಳಿಲ್ಲ.

ಹಾಗಾಗಿ ನಾನು ಮೊದಲು ಮಾಡುವ ಕೆಲಸ, ಗ್ರಿಡ್ (ಬಾರು-ಬೀಟಿನ ಗೆರೆಗಳು) ಆಫ್, ಕ್ಲಿಕ್ (ತಾಳದ ಟಿಕ್ ಟಿಕ್ ಸದ್ದು) ಆಫ್.

ನಾನು ಬಳಸುವುದು ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್. ಅದರ ಮೊದಲ ಆವೃತ್ತಿ 2006ರಲ್ಲಿ ಬಂತು. 60 ದಿನ ಉಚಿತವಾಗಿ ನೋಡಬಹುದು, ಆಮೇಲೆ ಸಣ್ಣ ಬಳಕೆದಾರರಿಗೆ 60 ಡಾಲರ್. ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಆದರೆ ನನಗೆ ಮುಖ್ಯವಾದದ್ದು ಬೇರೆ: ನಾಲ್ಕಾರು ಕೆಲಸಗಳನ್ನು ಸರಪಳಿ ಮಾಡಿ ಒಂದು ಕೀಲಿಗೆ ಕೊಡಬಹುದು. ಲುವಾ ಭಾಷೆಯಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದು ಸೇರಿಸಬಹುದು. ದುಡ್ಡು ಬೇಡ, ಲಿನಕ್ಸ್ ಇದೆ ಅನ್ನುವವರಿಗೆ ಆರ್ಡರ್ (Ardour) ಅನ್ನುವ ಸಾಫ್ಟ್‌ವೇರ್ ಇದೆ, ಮೂಲ ಕೋಡ್ ಮುಕ್ತ. ಬರೀ ಒಂದು ದನಿ ಹಿಡಿದು ಕತ್ತರಿಸುವುದಕ್ಕೆ ಆಡಾಸಿಟಿ ಸಾಕೇ ಸಾಕು.

ಈಗ ಕೆಲಸದ ದಾರಿ. 48 ಕಿಲೋಹರ್ಟ್ಸ್, 24 ಬಿಟ್. ಧ್ವನಿಯ ಮಟ್ಟ ಮೈನಸ್ 12 ಡೆಸಿಬಲ್ ಆಸುಪಾಸು ಇದ್ದರೆ ಸಾಕು. 24 ಬಿಟ್ ಇರುವಾಗ ಕೆಂಪು ದೀಪದ ತನಕ ಏರಿಸುವ ಹಠ ಬೇಡ, ಭಾಗವತರು ತಾರಸ್ಥಾಯಿಗೆ ಹೋದಾಗ ಒಡೆಯುವುದು ಆಗಲೇ. ಶ್ರುತಿ ಹೆಡ್‌ಫೋನಿನಲ್ಲಿ ಮಾತ್ರ, ಅದೂ ಒಂದೇ ಕಿವಿಗೆ. ಹಾಡುವವರ ದನಿಯನ್ನು ಅವರಿಗೇ ಸಾಫ್ಟ್‌ವೇರ್ ಮೂಲಕ ವಾಪಸ್ ಕೇಳಿಸುವುದಿಲ್ಲ. ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟುಕೊಳ್ಳುವ ಧ್ವನಿಯ ತುಣುಕು) 1024 ಸ್ಯಾಂಪಲ್ ಇಟ್ಟರೆ ಅಷ್ಟಕ್ಕೇ 21 ಮಿಲಿಸೆಕೆಂಡ್ ತಡ ಆಗುತ್ತದೆ. ಶಬ್ದ ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಏಳು ಮೀಟರ್ ಹೋಗುತ್ತದೆ. ಅಂದರೆ ತನ್ನ ದನಿ ಜಗಲಿಯ ಆಚೆ ತುದಿಯಿಂದ ಬಂದ ಹಾಗೆ ಕೇಳುತ್ತದೆ, ತಾಳ ಎಳೆಯದೇ ಇರುತ್ತದಾ? 128ಕ್ಕೆ ಇಳಿಸಿದರೆ ಮೂರು ಮಿಲಿಸೆಕೆಂಡೂ ಆಗುವುದಿಲ್ಲ, ಆದರೆ ಹಳೇ ಲ್ಯಾಪ್‌ಟಾಪ್ ಚಟಪಟ ಅನ್ನತೊಡಗುತ್ತದೆ. ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿ (ದನಿಯನ್ನು ಕಂಪ್ಯೂಟರಿಗೆ ಸುತ್ತಿಸದೆ ನೇರ ಕೇಳಿಸುವುದು) ಒತ್ತಿಬಿಟ್ಟರೆ ಈ ತಲೆನೋವೇ ಇಲ್ಲ.

ರೆಕಾರ್ಡ್ ಒತ್ತಿದ ಮೇಲೆ ನಾನು ನಿಲ್ಲಿಸುವುದಿಲ್ಲ. ತಪ್ಪಿದರೂ ಓಡುತ್ತಿರುತ್ತದೆ, ನಡುವೆ ನೀರು ಕುಡಿದರೂ ಓಡುತ್ತಿರುತ್ತದೆ. ಒಂದು ಮೈಕಿಗೆ ಗಂಟೆಗೆ ಸುಮಾರು 520 ಎಂಬಿ, ಅಷ್ಟೇ. ನಿಲ್ಲಿಸಿ, ಹಿಂದೆ ಹೋಗಿ, "ಹ್ಞಾಂ, ಈಗ ಹಾಡಿ" ಅಂದರೆ ಹಳ್ಳಿಯ ಹಾಡುಗಾರರ ಮೈ ಬಿಗಿಯಾಗುತ್ತದೆ. ಓಡುತ್ತಲೇ ಇದ್ದರೆ ಸ್ವಲ್ಪ ಹೊತ್ತಿಗೆ ಮೈಕು ಇದೆ ಅನ್ನುವುದೇ ಮರೆಯುತ್ತಾರೆ. ಅವರು ಹಾಡುವಾಗ ಪ್ರತಿ ಸಾಲು ಶುರುವಾದಾಗ ನಾನು ಎಂ ಕೀಲಿ ಒತ್ತಿ ಮಾರ್ಕರ್ ಹಾಕುತ್ತಾ ಹೋಗುತ್ತೇನೆ. ಚೆನ್ನಾಗಿ ಬಂದ ಸಾಲಿಗೆ ಇನ್ನೊಂದು ಕೀಲಿ, ಅದು ಹಸಿರು ಮಾರ್ಕರ್. ಕೆಟ್ಟದ್ದಕ್ಕೆ ಗುರುತು ಹಾಕುವುದಿಲ್ಲ, ಕೆಟ್ಟದ್ದು ಹುಡುಕದೇ ಸಿಗುತ್ತದೆ.

ಸಾಹಿತ್ಯವನ್ನು ಮೊದಲೇ ಯುನಿಕೋಡಿನಲ್ಲಿ ಟೈಪ್ ಮಾಡಿಟ್ಟುಕೊಳ್ಳುತ್ತೇನೆ, ಸಾಲಿಗೊಂದು ಸಾಲು. ಆ ಕಡತ ಓದಿ, ಎಂ ಒತ್ತಿದಾಗಲೆಲ್ಲ ಮುಂದಿನ ಸಾಲನ್ನೇ ಮಾರ್ಕರಿನ ಹೆಸರಾಗಿ ಇಡುವ ಸಣ್ಣ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಆಮೇಲೆ ಪರದೆ ನೋಡಿದರೆ ಅಲೆಗಳ ಮೇಲೆ ಹಾಡಿನ ಮಾತುಗಳೇ ಕಾಣುತ್ತವೆ. ನನ್ನ ಕೆಲಸದ ಅರ್ಧ ಸಮಯ ಉಳಿಸಿದ್ದು ಇದೇ, ಬೇರೆ ಯಾವ ಪ್ಲಗಿನ್ನೂ ಅಲ್ಲ.

ಆಯ್ದು ಜೋಡಿಸುವುದು ಆಮೇಲೆ. ಎರಡು ಟೇಕಿನ (ಟೇಕ್ ಅಂದರೆ ಒಂದು ಸಲ ಹಾಡಿದ್ದು) ಸಾಲು ಸೇರಿಸುವಾಗ ಉಸಿರಿನ ಮೊದಲು ಕತ್ತರಿಸಿ, ಆ ಉಸಿರು ಮುಂದಿನ ಸಾಲಿಗೇ ಸೇರಿದ್ದು. ಸಾಲಿನ ನಡುವೆ ಕತ್ತರಿಸಲೇಬೇಕಾದರೆ ಕ, ತ, ಪ ತರಹದ ಅಕ್ಷರ ಹುಡುಕಿ. ಅವನ್ನು ಉಚ್ಚರಿಸುವ ಮುಂಚೆ ಬಾಯಲ್ಲಿ ಗಾಳಿಯ ದಾರಿ ಒಂದು ಕ್ಷಣ ಮುಚ್ಚುತ್ತದೆ, ಅಲ್ಲಿ ಪುಟ್ಟ ನಿಶ್ಶಬ್ದ ಇರುತ್ತದೆ. ಎಳೆದ ಸ್ವರದ ಮೇಲೆ, ಅದರಲ್ಲೂ ಗಮಕ ಇದ್ದಲ್ಲಿ, ಕತ್ತರಿ ಇಡಲೇಬೇಡಿ. ಎಷ್ಟು ಕ್ರಾಸ್‌ಫೇಡ್ (ಒಂದು ತುಂಡು ತಗ್ಗುತ್ತಾ ಇನ್ನೊಂದು ಏರುವ ಬೆಸುಗೆ) ಕೊಟ್ಟರೂ ಕಿವಿಗೆ ಗೊತ್ತಾಗುತ್ತದೆ. ಹಸೆ ಹಾಡಿಗೆ ಇದ್ಯಾವುದನ್ನೂ ಮಾಡುವುದಿಲ್ಲ. ಆ ಹೆಂಗಸರು ಶ್ರುತಿಯಿಲ್ಲದೆ ಹಾಡುವವರು. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಒಂದರಲ್ಲಿ ಶುರುವಾದದ್ದು ಮುಗಿಯುವಾಗ ಬಿಳಿ ಎರಡಕ್ಕೆ ಏರಿರುತ್ತದೆ. ಒಂದು ಟೇಕಿನ ತುಂಡು ಇನ್ನೊಂದಕ್ಕೆ ಕೂರುವುದಿಲ್ಲ. ಎಲ್ಲರೂ ಒಟ್ಟಿಗೇ ಏರಿರುತ್ತಾರೆ, ಕೇಳುವವರಿಗೆ ಅದು ತಪ್ಪು ಅನ್ನಿಸುವುದೂ ಇಲ್ಲ. ಹಾಗೇ ಬಿಡುತ್ತೇನೆ.

ಕೋಣೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಟ್ಟದಲ್ಲಿ ಅಡಿಕೆ ಚೀಲ ಪೇರಿಸಿಟ್ಟಿರುವ ತನಕ ಪ್ರತಿಧ್ವನಿಯೇ ಇರುವುದಿಲ್ಲ, ದುಡ್ಡು ಕೊಟ್ಟು ಫೋಮ್ ತರಿಸುವ ಅಗತ್ಯವಿಲ್ಲ. ಅಡಿಕೆ ಮಂಡಿಗೆ ಹೋದ ದಿನ ಕೋಣೆಯ ದನಿಯೇ ಬದಲಾಗುತ್ತದೆ. ಅದಕ್ಕೇ ಒಂದು ಹಾಡನ್ನು ಪೂರ್ತಿ ಅಡಿಕೆ ಮಾರುವ ಮೊದಲೋ ಇಲ್ಲಾ ಪೂರ್ತಿ ಮಾರಿದ ಮೇಲೋ ಮುಗಿಸಬೇಕು! ಮಳೆಗಾಲದಲ್ಲಿ ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಮೈಕು ಹೊರಗೆ ತೆಗೆಯುವುದೇ ಇಲ್ಲ, ಆಗ ಬರೀ ಜೋಡಿಸುವ ಕೆಲಸ. ಜೀರುಂಡೆಯನ್ನಾದರೂ ನಿಭಾಯಿಸಬಹುದು, ಅದರ ಸದ್ದು ಹೆಚ್ಚಾಗಿ ನಾಲ್ಕೈದು ಸಾವಿರ ಹರ್ಟ್ಸಿನ ಸಣ್ಣ ಪಟ್ಟಿಯೊಳಗೇ ಇರುತ್ತದೆ, ಅಷ್ಟು ಪಟ್ಟಿಗೆ ಮಾತ್ರ ಕಿರಿದಾದ ಈಕ್ಯೂ (ಈಕ್ವಲೈಸರ್) ಹಾಕಿ ತಗ್ಗಿಸಬಹುದು. ಹೆಂಚಿನ ಅಂಚಿನಿಂದ ತೊಟ್ಟಿಕ್ಕುವ ಹನಿಗೆ ಮದ್ದಿಲ್ಲ.

ಇನ್ನು ಬೇಡಿಕೆಗಳಿಗೆ ಬರುತ್ತೇನೆ.

ತಾಳದ ವಿಷಯ ಮೊದಲು. ಮಿಶ್ರಛಾಪು ಬೇಕೆಂದರೆ 7/8 ಅಂತ ಹಾಕಿ, ಕ್ಲಿಕ್ಕಿಗೆ 3-2-2 ಒತ್ತು ಕೊಡಬಹುದು, ಅಷ್ಟರ ಮಟ್ಟಿಗೆ ಸರಿ. ಆದರೆ ಕಾಲ ಒಂದೇ ಸಮ ಇರುತ್ತದೆ ಅನ್ನುವುದು ಸಾಫ್ಟ್‌ವೇರಿನ ನಂಬಿಕೆ. ಯಕ್ಷಗಾನದ ಪದ್ಯ ಏಳು ಅಕ್ಷರದ ತ್ರಿವುಡೆ ತಾಳದಲ್ಲಿ ನಿಧಾನ ಶುರುವಾಗಿ, ಕುಣಿತ ಬಿಸಿಯಾದ ಹಾಗೆ ಏರುತ್ತಾ ಹೋಗುತ್ತದೆ. ರೀಪರಿನಲ್ಲಿ ಒಂದು ಆವರ್ತವನ್ನು (ತಾಳದ ಒಂದು ಸುತ್ತನ್ನು) ಆಯ್ದು "ಇದು ಒಂದು ಬಾರ್" ಅಂತ ಹೇಳಿದರೆ ಅದೇ ಟೆಂಪೋ ಲೆಕ್ಕ ಹಾಕಿಕೊಳ್ಳುತ್ತದೆ. ಪ್ರತಿ ಆವರ್ತಕ್ಕೂ ಹಾಗೆ ಮಾಡುತ್ತಾ ಹೋಗಬೇಕು, ಬೇಸರದ ಕೆಲಸ. ನನಗೆ ಬೇಕಾದದ್ದು ಇಷ್ಟು: ಹಾಡು ಓಡುವಾಗ ಸಮ (ಆವರ್ತದ ಮೊದಲ ಪೆಟ್ಟು) ಬಿದ್ದಲ್ಲೆಲ್ಲ ನಾನು ಒಂದು ಕೀಲಿ ಕುಟ್ಟುತ್ತೇನೆ, ಒಳಗಿನ ಏಳು ಅಕ್ಷರ, ಸಾಫ್ಟ್‌ವೇರೇ, ನೀನೇ ಹಂಚಿಕೋ. ಮತ್ತೆ ಸಾಲು ಶುರುವಾಗುವ ಜಾಗ ಬೇರೆ, ತಾಳ ಶುರುವಾಗುವ ಜಾಗ ಬೇರೆ ಅನ್ನುವುದನ್ನು ಒಪ್ಪಿಕೋ. ಎಡುಪು (ಹಾಡು ಎತ್ತಿಕೊಳ್ಳುವ ಜಾಗ) ಸಮದಿಂದ ಅರ್ಧ ಅಕ್ಷರ ಆಚೆ ಇರುವ ಹಾಡು ನಮ್ಮಲ್ಲಿ ಎಷ್ಟಿಲ್ಲ? ಗ್ರಿಡ್ಡಿಗೆ ಅಂಟಿಸಿದರೆ ಅದು ಹಾಡನ್ನೇ ಸರಿಸಿಬಿಡುತ್ತದೆ.

ಎರಡನೆಯದು ಶ್ರುತಿ. 1997ರಲ್ಲಿ ಆಟೋ-ಟ್ಯೂನ್ ಬಂದಾಗಿನಿಂದ ಶ್ರುತಿ ತಿದ್ದುವ ಸಲಕರಣೆಗಳಿಗೇನೂ ಕೊರತೆಯಿಲ್ಲ. ಬಹುತೇಕ ಎಲ್ಲವೂ ಸ್ವರವನ್ನು ಕೀಬೋರ್ಡಿನ ಹನ್ನೆರಡು ಮನೆಗಳಲ್ಲಿ ಒಂದಕ್ಕೆ ತಳ್ಳಲು ನೋಡುತ್ತವೆ. ತೋಡಿಯ ಗಾಂಧಾರವನ್ನು ಒಂದು ಮನೆಯಲ್ಲಿ ಕೂರಿಸಿದರೆ ಅದು ತೋಡಿಯಾಗಿ ಉಳಿಯುತ್ತದಾ? ನನಗೆ ತಿದ್ದುವುದು ಬೇಡ, ತೋರಿಸಿದರೆ ಸಾಕು. ಹಾಡುವವರ ಷಡ್ಜ ಯಾವುದು ಅಂತ ನಾನು ಹೇಳುತ್ತೇನೆ, ಅದು ಹಾರ್ಮೋನಿಯಂನ ಮನೆಗಿಂತ ಒಂದೆಳೆ ಆಚೀಚೆ ಇದ್ದರೂ ಸರಿ. ಪರದೆಯ ಗೆರೆಗಳ ಮೇಲೆ ಸ ರಿ ಗ ಮ ಅಂತ ಬರೆದು, ದನಿ ಓಡಿದ ದಾರಿ ಬಿಡಿಸಿ ತೋರಿಸಲಿ. ಕಲಿಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕನ್ನಡಿ ಇಲ್ಲ.

ಮೂರನೆಯದು ಸಣ್ಣದು: ಹಿಂದಿನದ್ದನ್ನು ನೆನಪಿಟ್ಟುಕೊಳ್ಳುವುದು. "ಸುಮ್ನೆ ಒಂದ್ಸಲ ಹಾಡಿ ನೋಡ್ತೀನಿ" ಅಂದಾಗ ಬರುವುದೇ ಎಷ್ಟೋ ಸಲ ಚಿನ್ನದಂಥ ಟೇಕ್. ಕ್ಯೂಬೇಸ್ ಅನ್ನುವ ಇನ್ನೊಂದು ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಒತ್ತುವ ಮುಂಚಿನ ಒಂದು ನಿಮಿಷದ ತನಕ ಹಿಡಿದಿಡುವ ಸೌಲಭ್ಯ ಇದೆ. ಲಿನಕ್ಸಿನ ಟೈಮ್‌ಮೆಷಿನ್ ಅನ್ನುವ ಪುಟ್ಟ ಪ್ರೋಗ್ರಾಮ್ ಗುಂಡಿ ಒತ್ತುವ ಮುಂಚಿನ ಹತ್ತು ಸೆಕೆಂಡ್ ಉಳಿಸುತ್ತದೆ. ಇದು ಎಲ್ಲ ಕಡೆ ಇರಬೇಕು, ನಿಮಿಷ ಸಾಲದು, ಅರ್ಧ ಗಂಟೆ ಇರಲಿ. ಡಿಸ್ಕ್ ಈಗ ಅಗ್ಗ.

ಕರೆಂಟು ಹೋಗುವುದಂತೂ ಇದ್ದದ್ದೇ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ ನಿಜ, ಆದರೆ ಹೊರಗಿನ ಡಿಸ್ಕಿಗೋ ದೊಡ್ಡ ಇಂಟರ್‌ಫೇಸಿಗೋ ಇರುವುದಿಲ್ಲ. ರೆಕಾರ್ಡಿಂಗ್ ನಡುವೆಯೇ ಡಿಸ್ಕ್ ನಿಂತರೆ ವೇವ್ ಕಡತದ ತಲೆಭಾಗದಲ್ಲಿ ಉದ್ದದ ಲೆಕ್ಕ ಬರೆದೇ ಇರುವುದಿಲ್ಲ, ತೆರೆದರೆ ಖಾಲಿ ಅನ್ನುತ್ತದೆ. ಹೆದರಬೇಡಿ, ಅಲ್ಲಿಯ ತನಕ ಡಿಸ್ಕಿಗೆ ಬರೆದ ಧ್ವನಿ ಹೆಚ್ಚಾಗಿ ಒಳಗೇ ಇರುತ್ತದೆ. ಆಡಾಸಿಟಿಯಲ್ಲಿ ರಾ ಡೇಟಾ ಆಮದು ಅಂತ ಇದೆ, 24 ಬಿಟ್, 48000, ಮೊನೊ, ಲಿಟಲ್ ಎಂಡಿಯನ್ ಅಂತ ಕೊಟ್ಟು ತೆರೆಯಿರಿ. ಶುರುವಿನಲ್ಲಿ ಒಂದು ಚಟ್ ಸದ್ದು, ಆಮೇಲೆ ಹಾಡು. ಹಾಡಿನ ಬದಲು ಬರೀ ಗರಗರ ಕೇಳಿದರೆ ಸ್ಟಾರ್ಟ್ ಆಫ್‌ಸೆಟ್ 1 ಅಥವಾ 2 ಬೈಟ್ ಕೊಟ್ಟು ಮತ್ತೆ ತೆರೆಯಿರಿ. ಇದನ್ನು ಸಾಫ್ಟ್‌ವೇರ್ ತಾನೇ ಮಾಡಿದರೆ ಏನು ಕಷ್ಟ? ಅಂದ ಹಾಗೆ, ರಾತ್ರಿಯಿಡೀ ಯಕ್ಷಗಾನದ ಆಟ ರೆಕಾರ್ಡ್ ಮಾಡುವವರು ಒಂದು ನೋಡಿಕೊಳ್ಳಿ. ಸಾಮಾನ್ಯ ವೇವ್ ಕಡತ 4 ಜಿಬಿ ದಾಟುವುದಿಲ್ಲ, ಸ್ಟೀರಿಯೋದಲ್ಲಿ ಅದು ನಾಲ್ಕು ಗಂಟೆ ಚಿಲ್ಲರೆ. ಪ್ರಸಂಗ ಮುಗಿಯುವ ಮೊದಲೇ ಕಡತ ತುಂಬುತ್ತದೆ. ಸೆಟ್ಟಿಂಗಿನಲ್ಲಿ ಆರ್‌ಎಫ್64 (4 ಜಿಬಿ ದಾಟಬಲ್ಲ ವೇವ್) ಆರಿಸಿಕೊಳ್ಳಿ.

ಕೊನೆಯ ಬೇಡಿಕೆಯೇ ನನಗೆ ದೊಡ್ಡದು. ಎಲ್ಲ ಸಾಫ್ಟ್‌ವೇರಿನಲ್ಲೂ ಟೇಕ್ ಅಂದರೆ ಒಂದೇ ಜಾಗದಲ್ಲಿ ಒಂದರ ಮೇಲೊಂದು ಪೇರಿಸಿದ ಪದರ. ರೀಪರ್ 7ರಲ್ಲಿ, ಅಂದರೆ 2023ರಿಂದ, ಆ ಪದರಗಳ ಮೇಲೆ ಮೌಸ್ ಎಳೆದು ಬೇಕಾದ ತುಂಡು ಆರಿಸಬಹುದು, ಸೊಗಸಾಗಿದೆ. ಆದರೆ ಜಾಗ ಅಂದರೆ ಅಲ್ಲಿ ಗಡಿಯಾರದ ಜಾಗ. ನಮ್ಮ ಹಾಡಿನಲ್ಲಿ ಪಲ್ಲವಿ ಪ್ರತಿ ಚರಣ ಆದ ಮೇಲೂ ಬರುತ್ತದೆ, ಒಮ್ಮೆ ಎರಡು ಸಲ, ಮನಸ್ಸು ಬಂದರೆ ನಾಲ್ಕು ಸಲ. ಒಂದೇ ಟೇಕಿನೊಳಗೆ ಪಲ್ಲವಿಗೆ ಅಷ್ಟು ಆಯ್ಕೆಗಳಿವೆ, ಆದರೆ ಸಾಫ್ಟ್‌ವೇರಿಗೆ ಅವು ಸಂಬಂಧವೇ ಇಲ್ಲದ ಅಷ್ಟು ತುಂಡುಗಳು. ಅಂಟಿಗೆ ಪಂಟಿಗೆಯಲ್ಲಿ ಇನ್ನೂ ಗೊಂದಲ, ಒಂದು ಗುಂಪು ಹಾಡಿದ ಸಾಲನ್ನೇ ಇನ್ನೊಂದು ಗುಂಪು ಎತ್ತಿಕೊಂಡು ಹಾಡುತ್ತದೆ. ಸಾಹಿತ್ಯದ ಸಾಲಿನ ಮೇಲೆ ಒತ್ತಿದರೆ, ಆ ಸಾಲು ರೆಕಾರ್ಡಿಂಗಿನಲ್ಲಿ ಎಲ್ಲೆಲ್ಲಿ ಬಂದಿದೆಯೋ ಅಷ್ಟನ್ನೂ ಪಟ್ಟಿ ಮಾಡಿ, ಒಂದಾದ ಮೇಲೊಂದು ಕೇಳಿಸಿ, "ಇದನ್ನು ಇಡು" ಅನ್ನಲು ಬಿಡಬೇಕು. ನನ್ನ ಸ್ಕ್ರಿಪ್ಟ್ ಅರ್ಧ ದಾರಿ ಬಂದಿದೆ. ಒಂದೇ ಹೆಸರಿನ ಮಾರ್ಕರುಗಳನ್ನು ಹುಡುಕಿ ಒಂದರಿಂದ ಒಂದಕ್ಕೆ ಹಾರುತ್ತದೆ. ಆರಿಸಿದ ಸಾಲನ್ನು ತಂದು ಕೂರಿಸುವುದು ಇನ್ನೂ ಬರುವುದಿಲ್ಲ, ಸಾಲಿನ ಉದ್ದ ಪ್ರತಿ ಸಲ ಬೇರೆ ಇರುವುದರಿಂದ ಮುಂದಿನದ್ದೆಲ್ಲ ಸರಿಯಬೇಕು, ತಾಳದ ಟ್ರ್ಯಾಕ್ ಸಹ. ರಿಪಲ್ ಎಡಿಟಿಂಗ್ (ಒಂದು ತುಂಡು ಸರಿದರೆ ಮುಂದಿನದ್ದೂ ಸರಿಯುವ ಸೌಲಭ್ಯ) ಆನ್ ಮಾಡಿ ಕೈಯಲ್ಲೇ ಮಾಡುತ್ತಿದ್ದೇನೆ. ಲುವಾ ಚೆನ್ನಾಗಿ ಬರುವವರು ಯಾರಾದರೂ ಇದ್ದರೆ ಸ್ಕ್ರಿಪ್ಟ್ ಕೊಡುತ್ತೇನೆ, ಅಲ್ಲಿಂದ ಮುಂದುವರಿಸಿ.